ಬಾವಿಯ ಈಸು, ನೇತ್ರಾಣಿಯ ಉಸಿರು

ಬೈಲಹೊಂಗಲದ ಪಾಲಕರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು. ಮಗ ಪಿಯುಸಿ ಪರೀಕ್ಷೆ ಮುಗಿಸಿದ್ದಾನೆ. ಗೆಳೆಯರೊಂದಿಗೆ ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿಂದ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡಿ ಬರುತ್ತೇನೆಂದು ಹಟ ಹಿಡಿದಿದ್ದಾನೆ. ತಾಯಿ ಸುತರಾಂ ಬೇಡ ಎನ್ನುತ್ತಿದ್ದಾರೆ. ತಂದೆಗೆ ಕಳಿಸುವ ಮನಸ್ಸಿದೆ, ಧೈರ್ಯ ಸಾಲದು. ಪತ್ರದ ಕೊನೆಯ ಸಾಲುಗಳನ್ನು ಅವರ ಮಾತಿನಲ್ಲೇ ಕೊಡುತ್ತೇನೆ: “ನಮ್ಮ ಹುಡುಗಗ ಈಸು ಚಲೋ ಬರತೈತ್ರಿ. ಹೊಲದಾಗಿನ ಬಾವ್ಯಾಗ ಮುಳುಗಿ ತಳದಾನ ಕಲ್ಲು ತರ್ತಾನ. ಒಂದೂವರಿ ನಿಮಿಷ ಉಸರ ಹಿಡೀತಾನ. ಕಳಸಲೇನ್ರಿ?”

ಈ ಪ್ರಶ್ನೆ ಇವರೊಬ್ಬರದೇ ಅಲ್ಲ. ಪುನೀತ್ ರಾಜಕುಮಾರ್ ಅವರ ‘ಗಂಧದ ಗುಡಿ’ 2022ರಲ್ಲಿ ತೆರೆಗೆ ಬಂದ ಮೇಲೆ, ಅವರು ನೇತ್ರಾಣಿಯ ನೀರಿನಡಿ ಮೀನುಗಳ ನಡುವೆ ತೇಲುವುದನ್ನು ಕಂಡ ಹುಡುಗರಿಗೆಲ್ಲ ಆ ಹುಚ್ಚು ಹತ್ತಿದೆ. ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಾಲೇಜು ಹುಡುಗರು ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಹಾದು ಭಟ್ಕಳ ತಾಲೂಕಿನ ಮುರ್ಡೇಶ್ವರಕ್ಕೆ ಗಾಡಿ ಮಾಡಿಕೊಂಡು ಹೋಗುತ್ತಾರೆ. ಹೋಗಲಿ, ತಪ್ಪಿಲ್ಲ. ಆದರೆ ಆ ತಂದೆ ಮಗನ ಅರ್ಹತೆಯೆಂದು ಬರೆದಿರುವುದರಲ್ಲಿ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಉಸಿರು ಹಿಡಿಯುವುದು! ಬಾವಿಯಲ್ಲಿ ಕಲಿತ ಆ ವಿದ್ಯೆಯನ್ನು ಹುಡುಗ ಮನೆಯಲ್ಲೇ ಬಿಟ್ಟು ಹೋಗಬೇಕು. ಸ್ಕೂಬಾದ ಮೊದಲ ಪಾಠವೇ ಉಸಿರು ಕಟ್ಟಬಾರದು ಎಂಬುದು. ಎರಡನೆಯ ಪಾಠವೂ ಅದೇ ಎಂದರೆ ತಪ್ಪಾಗಲಿಕ್ಕಿಲ್ಲ.

ಯಾಕೆ ಎಂಬುದನ್ನು ಪಿಯುಸಿ ಭೌತಶಾಸ್ತ್ರದಿಂದಲೇ ತಿಳಿಯಬಹುದು. ಬಾಯ್ಲ್‌ನ ನಿಯಮ ನೆನಪಿದೆಯಷ್ಟೇ? ಉಷ್ಣತೆ ಬದಲಾಗದಿದ್ದರೆ, ಒತ್ತಡ ಎರಡು ಪಟ್ಟಾದಾಗ ಅನಿಲದ ಗಾತ್ರ ಅರ್ಧಕ್ಕಿಳಿಯುತ್ತದೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದು ಮರೆಯುವ ಈ ನಿಯಮವೇ ನೀರಿನಡಿ ಜೀವ ಕಾಯುತ್ತದೆ, ಇಲ್ಲವೆ ತೆಗೆಯುತ್ತದೆ. ನಮ್ಮ ತಲೆಯ ಮೇಲಿನ ಇಡೀ ವಾತಾವರಣ ಎಷ್ಟು ಒತ್ತುತ್ತದೋ ಹತ್ತು ಮೀಟರ್ ನೀರು ಹೆಚ್ಚುಕಡಿಮೆ ಅಷ್ಟೇ ಒತ್ತುತ್ತದೆ. ಹೀಗಾಗಿ ನೀರಿನ ಮೇಲೆ ಒಂದು ಪಟ್ಟು ಇದ್ದ ಒತ್ತಡ ಹತ್ತು ಮೀಟರ್ ಆಳದಲ್ಲಿ ಎರಡು ಪಟ್ಟು, ಇಪ್ಪತ್ತರಲ್ಲಿ ಮೂರು ಪಟ್ಟು, ಮೂವತ್ತರಲ್ಲಿ ನಾಲ್ಕು ಪಟ್ಟು ಆಗುತ್ತದೆ.

ಈಗ ಬಾವಿಗೆ ಬನ್ನಿ. ಹುಡುಗ ದಂಡೆಯ ಮೇಲೆ ಎದೆ ತುಂಬ ಉಸಿರು ಎಳೆದುಕೊಂಡು ಜಿಗಿಯುತ್ತಾನೆ. ಶ್ವಾಸಕೋಶದಲ್ಲಿ ಆರು ಲೀಟರ್ ಗಾಳಿ ಇದೆ ಎನ್ನಿ. ಹತ್ತು ಮೀಟರ್ ಕೆಳಗೆ ಹೋದರೆ ಅದು ಹಿಚುಕಿ ಮೂರು ಲೀಟರಿನಷ್ಟಾಗುತ್ತದೆ. ಕಲ್ಲು ಹಿಡಿದು ಮೇಲೆ ಬಂದಾಗ ಮತ್ತೆ ಆರು ಲೀಟರ್. ಒಯ್ದ ಗಾಳಿಯನ್ನೇ ತಿರುಗಿ ತಂದಿದ್ದಾನೆ, ಲೆಕ್ಕ ಸರಿಯಾಯಿತು. ಎಷ್ಟು ಬಿಗಿಹಿಡಿದರೂ ಎದೆಗೆ ಅಪಾಯವಿಲ್ಲ.

ಅದೇ ಹುಡುಗ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಕಡಲಿಗೆ ಇಳಿದಿದ್ದಾನೆ ಎಂದುಕೊಳ್ಳಿ. ಹತ್ತು ಮೀಟರ್ ಆಳದಲ್ಲಿ ಬಾಯಿಯಲ್ಲಿರುವ ರೆಗ್ಯುಲೇಟರ್ ಎಂಬ ಸಾಧನ ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿ ಗಾಳಿ ಕೊಡುತ್ತದೆ. ಹಾಗೆ ಕೊಡದಿದ್ದರೆ ನೀರಿನ ಭಾರಕ್ಕೆ ಎದೆ ಹಿಗ್ಗಲಾರದು, ಉಸಿರು ಎಳೆಯಲಿಕ್ಕೇ ಆಗದು. ಆದ್ದರಿಂದ ಅಲ್ಲಿ ಎಳೆದ ಆರು ಲೀಟರ್ ಉಸಿರಿನಲ್ಲಿ, ನೀರಿನ ಮೇಲಿನ ಲೆಕ್ಕಕ್ಕೆ ಹನ್ನೆರಡು ಲೀಟರ್ ಗಾಳಿ ಅಡಗಿರುತ್ತದೆ. ಏನೋ ಕಂಡು ಗಾಬರಿಯಾಯಿತು, ಬಾವಿಯ ಚಟ ನೆನಪಾಯಿತು, ಉಸಿರು ಬಿಗಿಹಿಡಿದು ಸರ್ರನೆ ಮೇಲೆದ್ದ. ಆ ಗಾಳಿ ಹಿಗ್ಗುತ್ತ ಹೋಗಿ ಹನ್ನೆರಡು ಲೀಟರಿನ ಜಾಗ ಕೇಳುತ್ತದೆ. ಎದೆಯಲ್ಲಿ ಅಷ್ಟು ಜಾಗವೆಲ್ಲಿದೆ? ಶ್ವಾಸಕೋಶ ಹರಿಯುತ್ತದೆ. ಗಾಳಿಯ ಗುಳ್ಳೆ ರಕ್ತದಲ್ಲಿ ಸೇರಿ ಮಿದುಳಿಗೆ ಹೋದರೆ ಅಲ್ಲಿಗೆ ಮುಗಿಯಿತು. ಇದಕ್ಕೆ ಹತ್ತು ಮೀಟರ್ ಬೇಕೆಂದೂ ಇಲ್ಲ. ತುಂಬಿದ ಎದೆಯಲ್ಲಿ ಒಂದೂವರೆ, ಎರಡು ಮೀಟರ್ ಮೇಲೇರಿದರೂ ಸಾಕು. ಒತ್ತಡ ಎರಡು ಪಟ್ಟಿನಿಂದ ಒಂದಕ್ಕಿಳಿಯುವುದು ಮೇಲಿನ ಹತ್ತು ಮೀಟರಿನಲ್ಲೇ ಅಲ್ಲವೇ? ಆಳವಿಲ್ಲದ ನೀರು ಸುರಕ್ಷಿತ ಎಂಬ ನಮ್ಮ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ.

ಪಾಲಕರೇ, ಗಾಬರಿಪಡಿಸಲು ಇದನ್ನು ಬರೆದಿಲ್ಲ. ಉಸಿರಾಡುತ್ತಲೇ ಇರು, ಮೇಲೆ ಬರುವಾಗ ನಿಧಾನವಾಗಿ ಬಾ, ಎಂಬ ಎರಡು ಮಾತು ಪಾಲಿಸಿದರೆ ಈ ಅಪಾಯ ದೂರ. ಈಸು ಬಾರದ ಪೇಟೆಯ ಹುಡುಗ ತರಬೇತುದಾರ ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಾನೆ. ನಮ್ಮ ಬಾವಿಯ ಶೂರನಿಗೆ ‘ನನಗೆಲ್ಲ ಗೊತ್ತು’ ಎಂಬ ಭಾವ ಇರುತ್ತದೆ. ಅದನ್ನು ಮನೆಯಲ್ಲಿ ಕೂರಿಸಿಕೊಂಡು ತಿದ್ದುವುದು ತಂದೆಯ ಕೆಲಸ.

ಇನ್ನು ಬೆನ್ನ ಮೇಲಿನ ಸಿಲಿಂಡರಿನ ಮಾತು. ಅದರಲ್ಲಿ ಆಮ್ಲಜನಕ ಇರುತ್ತದೆಂದು ಪತ್ರಿಕೆಗಳಲ್ಲೂ ಬರೆಯುತ್ತಾರೆ. ಹಾಗಲ್ಲ. ನಾವು ನೀವು ಉಸಿರಾಡುವ ಸಾದಾ ಗಾಳಿಯನ್ನೇ ಸೋಸಿ, ಒಣಗಿಸಿ, ಒತ್ತಿ ತುಂಬಿರುತ್ತಾರೆ. ಶುದ್ಧ ಆಮ್ಲಜನಕವನ್ನು ಆಳದಲ್ಲಿ ಉಸಿರಾಡಿದರೆ ಅದೇ ವಿಷವಾಗಿ ಸೆಳೆತ ತರುತ್ತದೆ. ವಿದ್ಯಾರ್ಥಿಗಳಿಗೊಂದು ಲೆಕ್ಕ: ಹನ್ನೊಂದು ಲೀಟರ್ ಗಾತ್ರದ ಸಿಲಿಂಡರಿನಲ್ಲಿ ವಾತಾವರಣದ 200 ಪಟ್ಟು ಒತ್ತಡದಲ್ಲಿ ಗಾಳಿ ತುಂಬಿದರೆ ಸುಮಾರು 2,200 ಲೀಟರ್ ಗಾಳಿ ಆಯಿತು. ಮನುಷ್ಯ ನಿಮಿಷಕ್ಕೆ 20 ಲೀಟರ್ ಬಳಸುತ್ತಾನೆಂದರೆ ನೀರಿನ ಮೇಲೆ 110 ನಿಮಿಷ ಬರಬೇಕು. ಹತ್ತು ಮೀಟರ್ ಆಳದಲ್ಲಿ 55 ನಿಮಿಷ. ಇಪ್ಪತ್ತು ಮೀಟರಿನಲ್ಲಿ ಎಷ್ಟು? ನೀವೇ ಮಾಡಿ ನೋಡಿ. ಗಾಬರಿಗೊಂಡವನು ಇದರ ಎರಡು ಪಟ್ಟು ಗಾಳಿ ಕುಡಿಯುತ್ತಾನೆ ಎಂಬುದನ್ನೂ ಲೆಕ್ಕದಲ್ಲಿ ಹಿಡಿಯಿರಿ. ಸಿಲಿಂಡರ್ ಬರಿದಾಗುವ ತನಕ ಕೆಳಗಿರುವ ಪದ್ಧತಿ ಇಲ್ಲ. ಕಾಲುಭಾಗದಷ್ಟು ಗಾಳಿ ಉಳಿದಿರುವಾಗಲೇ ಮೇಲೆ ಬಂದಿರಬೇಕು. ಈ ಉಪಕರಣಕ್ಕೆ ಈಗಿನ ರೂಪ ಕೊಟ್ಟವರು ಫ್ರಾನ್ಸಿನ ಜಾಕ್ ಕೂಸ್ತೊ ಮತ್ತು ಎಮಿಲ್ ಗಾನ್ಯಾಂ, 1943ರಲ್ಲಿ, ಯುದ್ಧದ ನಡುವೆ.

ನೇತ್ರಾಣಿಯ ವಿಷಯಕ್ಕೆ ಬರೋಣ. ಮುರ್ಡೇಶ್ವರದ ದಂಡೆಯಿಂದ ಸುಮಾರು ಹತ್ತು ನಾಟಿಕಲ್ ಮೈಲಿ, ಅಂದರೆ ಹತ್ತೊಂಬತ್ತು ಕಿಲೋಮೀಟರ್ ದೂರ. ದೋಣಿಯಲ್ಲಿ ಒಂದು, ಒಂದೂವರೆ ತಾಸಿನ ಪಯಣ. ಕಡಲು ಕಾಣದ ನಮ್ಮ ಕಡೆಯ ಹುಡುಗರಲ್ಲಿ ಅರ್ಧ ಜನ ಇಲ್ಲೇ ವಾಂತಿ ಮಾಡಿಕೊಂಡು ಸುಸ್ತಾಗುತ್ತಾರೆ. ಹೊಟ್ಟೆ ಬಿರಿಯ ತಿಂದು ಹೋಗಬಾರದು, ತೀರ ಖಾಲಿ ಹೊಟ್ಟೆಯಲ್ಲೂ ಹೋಗಬಾರದು. ಮೇಲಿನಿಂದ ನೋಡಿದರೆ ದ್ವೀಪ ಹೃದಯದ ಆಕಾರದಲ್ಲಿದೆ. ಇಂಗ್ಲಿಷರು ಇದನ್ನು ‘ಪಿಜನ್ ಐಲೆಂಡ್’, ಪಾರಿವಾಳದ ದ್ವೀಪ ಎಂದು ಕರೆದರು. ಕಡಿದಾದ ಬಂಡೆ, ಅದರ ಮೇಲೆ ಕಾಡು, ಬಿಳಿ ಹೊಟ್ಟೆಯ ಕಡಲ ಹದ್ದುಗಳ ಗೂಡು. ಮೀನುಗಾರರು ಹರಕೆಯೆಂದು ಬಿಟ್ಟ ಆಡುಗಳು ಅಲ್ಲಿ ಕಾಡಾಡುಗಳಾಗಿ ಓಡಾಡುತ್ತವೆ. ಆದರೆ ಇದು ದ್ವೀಪ ಏರುವ ಪ್ರವಾಸವಲ್ಲ. ದೋಣಿಯಿಂದಲೇ ನೀರಿಗಿಳಿದು ದೋಣಿಗೇ ಮರಳಬೇಕು. ಮಳೆಗಾಲದಲ್ಲಿ ಎಲ್ಲ ಬಂದ್. ಮಳೆ ನಿಂತು ಕಡಲು ತಿಳಿಯಾದ ಮೇಲೆ, ಅಕ್ಟೋಬರಿನಿಂದ ಮೇ ತನಕ ಋತು.

ದ್ವೀಪದ ಬಂಡೆಗಳು ನೀರಿನೊಳಗೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಆರೇಳು ಮೀಟರಿನ ಜಾಗವೂ ಇದೆ, ಮೂವತ್ತು ಮೀಟರಿಗೆ ಮೀರಿದ ಜಾಗವೂ ಇದೆ. ಹೊಸಬರನ್ನು ಗಾಳಿ, ಅಲೆ ನೋಡಿಕೊಂಡು ದ್ವೀಪದ ಮರೆಯಾದ ಬದಿಗೆ ಒಯ್ಯುತ್ತಾರೆ. ಬಂಡೆಗಳ ಮೇಲೆ ಹವಳ, ಅದರ ಸುತ್ತ ಚಿಟ್ಟೆ ಮೀನು, ಹವಳವನ್ನು ಕೊಕ್ಕಿನಲ್ಲಿ ಕೆರೆಯುವ ಗಿಳಿ ಮೀನು, ಸಂದಿಯಿಂದ ಬಾಯಿ ತೆರೆದು ನೋಡುವ ಮೊರೆ ಹಾವುಮೀನು, ದಂಡುಕಟ್ಟಿ ನಿಂತ ಬರಾಕುಡಾ. ನೀರಿನಡಿ ಮಾಸ್ಕಿನ ಗಾಜಿನ ಮೂಲಕ ಎಲ್ಲವೂ ಮೂರನೆಯ ಒಂದು ಪಾಲಿನಷ್ಟು ದೊಡ್ಡದಾಗಿ ಕಾಣುತ್ತದೆ. ಬಂದವರು ಹೇಳುವ ಮೀನಿನ ಅಳತೆಯಲ್ಲಿ ಅಷ್ಟು ಕಳೆದುಕೊಳ್ಳಿ! ಬಣ್ಣದ ಕತೆ ಇನ್ನೂ ವಿಚಿತ್ರ. ನೀರು ಮೊದಲು ನುಂಗುವುದು ಕೆಂಪನ್ನು. ಇಳಕಲ್ ಸೀರೆಯ ಕೆಂಪು ಸೆರಗನ್ನು ಹದಿನೈದು ಮೀಟರ್ ಕೆಳಗೆ ಹಿಡಿದರೆ ಕಂದುಗಪ್ಪಾಗಿ ಕಂಡೀತು. ಟಾರ್ಚು ಹಾಕಿದರೆ ಮತ್ತೆ ಕೆಂಪು.

ಇಳಿಯುವಾಗ ಮೊದಲು ತೊಂದರೆ ಕೊಡುವುದು ಕಿವಿ. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯ ಒತ್ತಡ ಸರಿಮಾಡಿಕೊಳ್ಳುತ್ತ ಇಳಿಯಬೇಕು. ನೆಗಡಿಯಾಗಿದ್ದರೆ ಆ ದಾರಿ ಕಟ್ಟಿರುತ್ತದೆ, ಕಿವಿಯ ತಮಟೆ ಹರಿದೀತು. ಕಿವಿ ಸೋರುವವರು, ದಮ್ಮಿನವರು, ಮೂರ್ಛೆರೋಗ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಹೋಗಲೇಬಾರದು. ಅಲ್ಲಿ ಒಂದು ಆರೋಗ್ಯ ಪತ್ರಿಕೆ ತುಂಬಿಸಿಕೊಳ್ಳುತ್ತಾರೆ. ನಮ್ಮ ಹುಡುಗರು ಓದದೆಯೇ ಎಲ್ಲದಕ್ಕೂ ‘ಇಲ್ಲ, ಇಲ್ಲ’ ಎಂದು ಗೀಟು ಎಳೆದು ಸಹಿ ಮಾಡುತ್ತಾರೆ. ಚಿಕ್ಕಂದಿನಲ್ಲಿ ದಮ್ಮು ಇತ್ತೆಂಬುದು ಅವ್ವನಿಗೆ ಗೊತ್ತಿರುತ್ತದೆ, ಮಗನಿಗೆ ಮರೆತಿರುತ್ತದೆ. ಹೊರಡುವ ಮೊದಲೇ ಅವ್ವನನ್ನು ಕೇಳಿಕೊಂಡು ಹೋಗಿ.

ನೀರಿನಡಿ ಮಾತಿಲ್ಲ, ಎಲ್ಲ ಕೈಸನ್ನೆ. ಅದರಲ್ಲೊಂದು ಮೋಸವಿದೆ. ಹೆಬ್ಬೆರಳು ಎತ್ತಿ ತೋರಿಸಿದರೆ ನಮ್ಮಲ್ಲಿ ‘ಭೇಷ್’ ಎಂದರ್ಥ. ಅಲ್ಲಿ ‘ಮೇಲೆ ಹೋಗೋಣ’ ಎಂದರ್ಥ. ‘ಎಲ್ಲ ಸರಿ ಇದೆ’ ಎನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿ ತೋರಿಸಬೇಕು. ಖುಷಿಯಲ್ಲಿ ಹೆಬ್ಬೆರಳು ಎತ್ತಿ, ಸಾವಿರಾರು ರೂಪಾಯಿ ಕೊಟ್ಟ ಮುಳುಗನ್ನು ಐದೇ ನಿಮಿಷಕ್ಕೆ ಮುಗಿಸಿಕೊಂಡ ಹುಡುಗರ ಕತೆಗಳು ಮುರ್ಡೇಶ್ವರದಲ್ಲಿ ಬೇಕಾದಷ್ಟಿವೆ.

ಮೇಲೆ ಬರುವಾಗ ನಿಧಾನ ಎಂದೆನಲ್ಲ, ಅದಕ್ಕೆ ಇನ್ನೊಂದು ಕಾರಣ ಸಾರಜನಕ. ಒತ್ತಡದಲ್ಲಿ ಅದು ರಕ್ತದಲ್ಲಿ, ಮೈಯಲ್ಲಿ ಕರಗುತ್ತದೆ. ಸೋಡಾ ಬಾಟಲಿಯ ಮುಚ್ಚಳ ಒಮ್ಮೆಲೆ ತೆಗೆದರೆ ಬುಸ್ಸೆಂದು ಗುಳ್ಳೆ ಏಳುವುದಿಲ್ಲವೇ, ಹಾಗೆಯೇ ಗಡಿಬಿಡಿಯಿಂದ ಮೇಲೆ ಬಂದವನ ಮೈಯಲ್ಲೂ ಆದೀತು. ಅದಕ್ಕೇ ನಿಮಿಷಕ್ಕೆ ಒಂಬತ್ತು ಮೀಟರಿಗಿಂತ ವೇಗ ಬೇಡ, ಐದು ಮೀಟರಿನಲ್ಲಿ ಮೂರು ನಿಮಿಷ ತಡೆದು ಬಾ ಎಂಬ ಪದ್ಧತಿ. ಹಲವು ಮುಳುಗು ಹಾಕಿದವರು ಕನಿಷ್ಠ 18 ಗಂಟೆ ವಿಮಾನ ಏರಬಾರದು, ಏಕೆಂದರೆ ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ನಮಗೆ ವಿಮಾನದ ಮಾತು ದೂರ. ಘಟ್ಟ ಮಾತ್ರ ಹತ್ತಿರ! ಮಧ್ಯಾಹ್ನ ಕಡಲಿನಿಂದೆದ್ದು ಸಂಜೆಗೆ ಅರಬೈಲ್ ಘಟ್ಟ ಏರಿ, ರಾತ್ರಿ ಹೊತ್ತಿಗೆ ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಎತ್ತರದ ನಮ್ಮ ಊರುಗಳಿಗೆ ಮರಳುವವರು ಇದನ್ನು ಯೋಚಿಸಿರುವುದಿಲ್ಲ. ಹೊಸಬರ ಒಂದೇ ಒಂದು ಸಣ್ಣ ಮುಳುಗಿಗೆ ದೊಡ್ಡ ಅಂಜಿಕೆ ಇಲ್ಲ. ಎರಡು ಮೂರು ಸಲ ಆಳಕ್ಕೆ ಹೋದವರು ಮಾತ್ರ ತರಬೇತುದಾರರನ್ನು ಕೇಳಿಯೇ ಘಟ್ಟ ಏರಬೇಕು. ಹೇಗೂ ರಾತ್ರಿ ಅಲ್ಲೇ ತಂಗಿ ಬೆಳಗ್ಗೆ ಹೊರಡುವುದು ಚಾಲಕನ ನಿದ್ದೆಯ ದೃಷ್ಟಿಯಿಂದಲೂ ಒಳ್ಳೆಯದೇ.

ಇಷ್ಟು ಓದಿದ ತಾಯಂದಿರು ‘ನೋಡಿದಿರಾ, ನಾ ಹೇಳಿದ್ದೆ’ ಎನ್ನಬಹುದು. ಸ್ವಲ್ಪ ತಡೆಯಿರಿ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯ ವಸತಿ ಶಾಲೆಯೊಂದರಿಂದ ಪ್ರವಾಸಕ್ಕೆ ಬಂದ ನಾಲ್ವರು ಬಾಲಕಿಯರು ಮುರ್ಡೇಶ್ವರದಲ್ಲಿ ನೀರುಪಾಲಾದರು. ನೇತ್ರಾಣಿಯಲ್ಲಲ್ಲ, ಹತ್ತು ಮೀಟರ್ ಆಳದಲ್ಲಲ್ಲ. ಎಲ್ಲರೂ ಆಡುವ ದಂಡೆಯಲ್ಲಿ. ಸ್ಕೂಬಾಕ್ಕೆ ಹೋದ ಹೊಸಬನ ಪಕ್ಕದಲ್ಲಿ ತರಬೇತಾದವನೊಬ್ಬ ಕೈಹಿಡಿದೇ ಇರುತ್ತಾನೆ. ದಂಡೆಯಲ್ಲಿ ಯಾರೂ ಇರುವುದಿಲ್ಲ. ಮೊಣಕಾಲು ನೀರು ಎಂದು ನಿಂತವನ ಕಾಲಡಿಯ ಉಸುಕನ್ನು ಮರಳುವ ಅಲೆ ಎಳೆದುಕೊಂಡು ಹೋಗುತ್ತದೆ. ಆದ್ದರಿಂದ ‘ಸ್ಕೂಬಾ ಬೇಡ, ದಂಡಿಮ್ಯಾಲ ಆಡಿ ಬಾ’ ಎಂದು ಕಳಿಸುವ ತಾಯಿ ಮಗನನ್ನು ಕಡಿಮೆ ಅಪಾಯಕ್ಕೆ ಕಳಿಸಿದ್ದೇನೆಂದು ತಿಳಿಯಬಾರದು.

ಅಷ್ಟು ದೂರ ಯಾಕೆ, ಸವದತ್ತಿಯ ನವಿಲುತೀರ್ಥವನ್ನೇ ನೋಡಿ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಪಡುವಣ ಕಡಲು ಕೂಗಳತೆಯಲ್ಲಿದ್ದರೂ ಅವಳು ಬೆನ್ನು ತಿರುಗಿಸಿ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ನಡುವೆ ರೇಣುಕಾ ಸಾಗರ ತುಂಬಿದಾಗ 37 ಟಿಎಂಸಿಗೂ ಮಿಕ್ಕಿ ನೀರು. ನೇತ್ರಾಣಿಯಲ್ಲಿ ಹದಿನೈದು ಇಪ್ಪತ್ತು ಮೀಟರ್ ದೂರದ ಮೀನು ಕಂಡರೆ, ಮಳೆಗಾಲದ ನಮ್ಮ ಕೆಂಪು ನೀರಿನಲ್ಲಿ ಮುಳುಗಿದವನಿಗೆ ತನ್ನ ಕೈಯೇ ಕಾಣದು. ಹಾಗಾಗಿ ಇಲ್ಲಿ ಸಿಲಿಂಡರ್ ಕಟ್ಟಿಕೊಂಡು ಇಳಿಯುವವರು ನೋಡುವುದಕ್ಕೆಂದು ಇಳಿಯುವುದಿಲ್ಲ, ಯಾರನ್ನೋ ಹುಡುಕುವುದಕ್ಕೆಂದು ಇಳಿಯುತ್ತಾರೆ. 2024ರ ಜುಲೈನಲ್ಲಿ ಅಂಕೋಲಾ ಬಳಿ ಶಿರೂರಿನಲ್ಲಿ ಗುಡ್ಡ ಕುಸಿದು ಜನ, ಲಾರಿ ಗಂಗಾವಳಿ ನದಿಗೆ ಬಿದ್ದಾಗ ನೌಕಾಪಡೆಯ ಮುಳುಗುಗಾರರೇ ಸೆಳೆತಕ್ಕೆ, ರಾಡಿಗೆ ಎದುರಾಗಿ ಕೈಚೆಲ್ಲಬೇಕಾಯಿತು. ಲಾರಿ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಉಪಕರಣ ಎಷ್ಟೇ ಚಲೋ ಇದ್ದರೂ ನೀರು ಒಪ್ಪಬೇಕು. ಈ ಒಂದು ಮಾತನ್ನು ಕಾಲುವೆ ದಂಡೆಯ ಪಾಚಿಯ ಮೇಲೆ ನಿಂತು ಸೆಲ್ಫಿ ತೆಗೆಯುವ ಹುಡುಗರಿಗೆ ಹೇಳಬೇಕಾಗಿದೆ.

ಮುಳುಗುವ ಊರನ್ನು ಅಚ್ಚುಕಟ್ಟಾಗಿ ನಡೆಸುವುದು ಹೇಗೆಂದು ನೋಡಲು ಕೆರಿಬಿಯನ್ ಕಡಲಿನ ಬೊನೇರ್ ಎಂಬ ದ್ವೀಪ ಒಳ್ಳೆಯ ಉದಾಹರಣೆ. ವೆನೆಜುವೆಲಾದ ಬಡಗಿಗೆ, ಡಚ್ಚರ ಆಡಳಿತದಲ್ಲಿರುವ, ನಮ್ಮ ಒಂದು ತಾಲೂಕಿಗಿಂತ ಚಿಕ್ಕ ದ್ವೀಪ. 1971ರಲ್ಲೇ ಅಲ್ಲಿ ಈಟಿಯಿಂದ ಮೀನು ಹೊಡೆಯುವುದನ್ನು ನಿಲ್ಲಿಸಿದರು. 1979ರಲ್ಲಿ ದ್ವೀಪದ ಸುತ್ತಲಿನ ಕಡಲನ್ನು, ದಂಡೆಯಿಂದ ಅರವತ್ತು ಮೀಟರ್ ಆಳದ ತನಕ, ರಕ್ಷಿತ ಉದ್ಯಾನ ಮಾಡಿದರು. ರಸ್ತೆಯ ಪಕ್ಕದಲ್ಲಿ ಹಳದಿ ಬಣ್ಣ ಬಳಿದ ಕಲ್ಲು, ಅದರ ಮೇಲೆ ಮುಳುಗುವ ತಾಣದ ಹೆಸರು. ಅಂಥವು ಎಂಬತ್ತಕ್ಕೂ ಹೆಚ್ಚು. ಗಾಡಿ ನಿಲ್ಲಿಸಿ ದಂಡೆಯಿಂದಲೇ ನಡೆದು ನೀರಿಗಿಳಿಯಬಹುದು. ಆದರೆ ಎಂಥ ಅನುಭವಿಯಾದರೂ ಮೊದಲು ಶುಲ್ಕ ಕಟ್ಟಿ, ನಿಯಮ ಕೇಳಿಸಿಕೊಂಡು, ಒಂದು ಮುಳುಗು ಹಾಕಿ ತೋರಿಸಬೇಕು. ಕೈಗವಸು ಹಾಕುವಂತಿಲ್ಲ. ಬರಿಗೈ ಇದ್ದರೆ ಯಾರೂ ಹವಳವನ್ನು ಮುಟ್ಟಲು ಹೋಗುವುದಿಲ್ಲ ಎಂಬ ಜಾಣತನ!

ನಮ್ಮ ನೇತ್ರಾಣಿಯನ್ನು ನೌಕಾಪಡೆ ಬಹುಕಾಲ ಗುರಿ ಅಭ್ಯಾಸಕ್ಕೆ ಬಳಸಿತ್ತು. ಪರಿಸರವಾದಿಗಳು, ಜೀವಶಾಸ್ತ್ರಜ್ಞರು ಅದನ್ನು ವಿರೋಧಿಸಿ ದನಿಯೆತ್ತಿದರು. ಈಗ ಗುಂಡಿಗಿಂತ ಹೆಚ್ಚಿನ ಭಯ ಹರಿದ ಬಲೆ, ಪ್ಲಾಸ್ಟಿಕ್ಕು, ಕಡಲ ಬಿಸಿ ಮತ್ತು ನಾವು. ಹವಳವೆಂದರೆ ಕಲ್ಲಲ್ಲ, ಸುಣ್ಣದ ಮನೆ ಕಟ್ಟಿಕೊಂಡು ಬದುಕುವ ಪುಟ್ಟ ಪ್ರಾಣಿಗಳ ಓಣಿ. ಗುಂಡು ಬಂಡೆಯಂಥ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆಯುತ್ತದೆ. ಫೋಟೋಕ್ಕೆಂದು ಅದರ ಮೇಲೆ ಕಾಲೂರಿದವನು ಮುರಿದದ್ದು ತನ್ನ ವಯಸ್ಸಿನದೇ ಇದ್ದೀತು. ನೀರು ಹೆಚ್ಚು ದಿನ ಬಿಸಿಯಾದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. 2024ರ ಏಪ್ರಿಲಿನಲ್ಲಿ ವಿಜ್ಞಾನಿಗಳು ಜಗತ್ತಿನಾದ್ಯಂತ ಅಂಥ ನಾಲ್ಕನೆಯ ಬಿಳಿಚು ನಡೆದಿದೆಯೆಂದು ಸಾರಿದರು.

ಸುಣ್ಣದ ಮಾತು ಬಂತು. ನೇತ್ರಾಣಿಗೆ ಹೋಗಲು ಹಣವಿಲ್ಲದ ಹುಡುಗ ಹುಡುಗಿಯರು ನಿರಾಶರಾಗಬೇಕಿಲ್ಲ, ಕಡಲು ನಿಮ್ಮ ಕಾಲಡಿಯೇ ಇದೆ. ನೂರು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರವಿತ್ತು. ಅದರ ಉಸುಕು, ಕೆಸರು, ಸುಣ್ಣ ಗಟ್ಟಿಯಾಗಿ ಆದದ್ದೇ ಕಲಾದಗಿ ಶಿಲಾಸಮೂಹ. ಭೂವಿಜ್ಞಾನಿಗಳು ಅದರ ಪದರುಗಳಿಗೆ ಇಟ್ಟ ಹೆಸರು ಕೇಳಿ: ರಾಮದುರ್ಗ, ಸವದತ್ತಿ, ಯರಗಟ್ಟಿ, ಮನೋಳಿ. ಮನೋಳಿ ಎಂದರೆ ನಮ್ಮ ಮುನವಳ್ಳಿ. ಜಗತ್ತಿನ ಭೂವಿಜ್ಞಾನದ ಪತ್ರಿಕೆಗಳಲ್ಲಿ ಈ ಹೆಸರುಗಳು ಅಚ್ಚಾಗಿವೆ. ಸವದತ್ತಿಯ ಕಲ್ಲುಗಳಲ್ಲಿ ಅಂದಿನ ಅಲೆಗಳು ಉಸುಕಿನ ಮೇಲೆ ಬರೆದ ಗೆರೆಗಳು ಇನ್ನೂ ಉಳಿದಿವೆ. ಗುಡ್ಡಕ್ಕೆ ಹೋದಾಗ ಹುಡುಕಿ. ಈಗ ಮುರ್ಡೇಶ್ವರದ ಅಲೆ ಹಿಂದೆ ಸರಿದಾಗ ಉಸುಕಿನ ಮೇಲೆ ಬೀಳುವ ಗೆರೆಯೂ ಅದೇ ನಮೂನೆಯದು.

ಪಾಲಕರ ಇನ್ನೊಂದು ಪ್ರಶ್ನೆ ಯಾವಾಗಲೂ ಇದ್ದದ್ದೇ: ಇದರಿಂದ ಹೊಟ್ಟೆ ತುಂಬೀತೇ? ಒಂದು ದಿನದ ಮೋಜಿನಿಂದ ತುಂಬದು. ಅದರ ಹಿಂದಿರುವ ವಿದ್ಯೆಯಿಂದ ತುಂಬಬಹುದು. ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇರುವುದು ಧಾರವಾಡದಲ್ಲಲ್ಲ, ಕಾರವಾರದ ಕೋಡಿಬಾಗದಲ್ಲಿ. ಬಿ.ಎಸ್ಸಿ. ಮುಗಿಸಿದ ನಮ್ಮ ಕಡೆಯ ಎಷ್ಟು ಮಕ್ಕಳಿಗೆ ಇದು ಗೊತ್ತಿದೆ? ಗೋವೆಯ ದೋನಾಪಾವ್ಲಾದಲ್ಲಿ 1966ರಿಂದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ಇದೆ. 1981ರಲ್ಲಿ ಅಲ್ಲಿ ಕಡಲ ಪುರಾತತ್ವದ ಕೆಲಸ ಆರಂಭಿಸಿದವರು ನಮ್ಮ ಶಿಕಾರಿಪುರ ರಂಗನಾಥ ರಾವ್. ಲೋಥಾಲ್ ಅಗೆದು ಹೆಸರಾದ ಈ ಕನ್ನಡಿಗರು ನಿವೃತ್ತಿಯ ಹೊತ್ತಿಗೆ ನೀರಿನ ಕಡೆಗೆ ತಿರುಗಿದರು. ಮುಳುಗುಗಾರರ ತಂಡ ಕಟ್ಟಿ ದ್ವಾರಕೆಯ ಕಡಲಿನಿಂದ ಕಲ್ಲಿನ ಲಂಗರುಗಳನ್ನು, ಗೋಡೆಯ ಕುರುಹುಗಳನ್ನು ಹುಡುಕಿಸಿದರು. 2013ರಲ್ಲಿ ತೀರಿಕೊಂಡರು. ನೌಕಾಪಡೆಯ ಮುಳುಗು ಶಾಲೆ ಕೊಚ್ಚಿಯಲ್ಲಿದೆ. ಸೇತುವೆ, ಬಂದರು, ಅಣೆಕಟ್ಟುಗಳಿಗೂ ನೀರಿನಡಿ ಇಳಿದು ನೋಡುವವರು ಬೇಕು.

ಪತ್ರ ಬರೆದವರು ಮಗನ ಬಗ್ಗೆ ಕೇಳಿದ್ದಾರೆ. ಹೆಣ್ಣುಮಕ್ಕಳ ಬಗ್ಗೆ ಯಾರೂ ಕೇಳುವುದಿಲ್ಲ. ನಮ್ಮ ಊರುಗಳಲ್ಲಿ ಬಾವಿಯ ಈಸು ಗಂಡುಹುಡುಗರ ಪಾಲಿಗೆ ಬಂದದ್ದು, ಹುಡುಗಿಯರು ದಂಡೆಯ ಮೇಲೆ ಬಟ್ಟೆ ಒಗೆಯುತ್ತ ಉಳಿದರು. ಕಿತ್ತೂರಿನಲ್ಲಿ 1969ರಿಂದಲೇ ಹುಡುಗಿಯರ ಸೈನಿಕ ಶಾಲೆ ಇದೆ. ನೌಕಾಪಡೆಯ ಆರು ಜನ ಹೆಣ್ಣುಮಕ್ಕಳು ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ 2017ರಲ್ಲಿ ಗೋವೆಯಿಂದ ಹೊರಟು ಭೂಮಿ ಸುತ್ತಿ 2018ರಲ್ಲಿ ಮರಳಿದ್ದಾರೆ. ಇಷ್ಟಾದರೂ ಮಗಳಿಗೆ ಈಸು ಕಲಿಸುವುದಕ್ಕೆ ನಾವು ಹಿಂಜರಿಯುತ್ತೇವೆ.

ಕಳಿಸುವುದೆಂದು ನಿಶ್ಚಯಿಸಿದರೆ, ಎರಡು ಬಗೆಯ ಮುಳುಗು ಇದೆಯೆಂದು ತಿಳಿದಿರಿ. ಒಂದು, ಅರ್ಧ ತಾಸು ಪಾಠ ಹೇಳಿ ತರಬೇತುದಾರನೇ ಹಿಡಿದು ಒಯ್ಯುವ ಪರಿಚಯದ ಮುಳುಗು. ಇದಕ್ಕೆ ಈಸು ಬರಲೇಬೇಕೆಂದಿಲ್ಲ, ವಯಸ್ಸು ಹತ್ತು ತುಂಬಿರಬೇಕು, ಆಳ ಹನ್ನೆರಡು ಮೀಟರ್ ದಾಟಬಾರದು. ಇನ್ನೊಂದು ಮೂರು ನಾಲ್ಕು ದಿನದ ಕೋರ್ಸು. ಪಾಠ, ಪರೀಕ್ಷೆ, ಕಡಲಿನಲ್ಲಿ ನಾಲ್ಕು ಮುಳುಗು, 200 ಮೀಟರ್ ಈಸು, ಹತ್ತು ನಿಮಿಷ ತೇಲು. ಮುಗಿಸಿದವರಿಗೆ ಹದಿನೆಂಟು ಮೀಟರ್ ತನಕ ಇಳಿಯುವ ಪ್ರಮಾಣಪತ್ರ ಸಿಗುತ್ತದೆ. ಬಾವಿಯ ಶೂರನಿಗೆ ನಿಜವಾಗಿ ಆಸಕ್ತಿ ಇದ್ದರೆ ಎರಡನೆಯದೇ ತಕ್ಕದ್ದು.

ಹಣ ಕೊಡುವ ಮೊದಲು ಫೋನ್ ಮಾಡಿ ಇಷ್ಟು ಕೇಳಿ. ತರಬೇತುದಾರನ ಪ್ರಮಾಣಪತ್ರ ಯಾವುದು, ಈ ವರ್ಷದ್ದು ಇದೆಯೇ? ಒಬ್ಬ ತರಬೇತುದಾರ ಒಂದು ಸಲಕ್ಕೆ ಎಷ್ಟು ಹೊಸಬರನ್ನು ಒಯ್ಯುತ್ತಾನೆ? ದೋಣಿಯಲ್ಲಿ ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ, ಚಿಕಿತ್ಸೆಗೆಂದು ಆಮ್ಲಜನಕದ ಸಿಲಿಂಡರ್ ಇದೆಯೇ? (ಆಮ್ಲಜನಕ ಬೇಕಾಗುವುದು ಇಲ್ಲಿ, ಬೆನ್ನ ಮೇಲಲ್ಲ.) ಚಾಳೀಸು ಹಾಕುವ ಮಗನಿಗೆ ನಂಬರಿನ ಗಾಜಿರುವ ಮಾಸ್ಕ್ ಸಿಗುತ್ತದೆಯೇ? ಕೊನೆಯದಾಗಿ, ಆ ದಿನ ಕಡಲು ಒರಟಾಗಿ ದೋಣಿ ಹೊರಡದಿದ್ದರೆ ಹಣ ವಾಪಸು ಕೊಡುತ್ತೀರಾ ಎಂದು ಕೇಳಿ. ‘ಎಂಥ ಅಲೆ ಇದ್ದರೂ ಒಯ್ಯುತ್ತೇವೆ, ಚಿಂತೆ ಬೇಡ’ ಎಂದರೆ ಫೋನ್ ಇಟ್ಟು ಬೇರೆಯವರನ್ನು ಹುಡುಕಿ.